ಒಂದು ಬೊಗಸೆ ಸಮುದ್ರ

ಓದುಗರಿಗೆ ತಿಳಿಸಲು ವಿಷಾದವಾಗುತ್ತದೆ: ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ಹಾಡು ತೀರಿಕೊಂಡಿತು.

ವಯಸ್ಸು ಎಷ್ಟೋ ತಿಳಿಯದು. ನಮ್ಮ ಅಕ್ಕನಿಗೆ ಅವಳ ಅತ್ತೆ ಕಲಿಸಿದ್ದು. ಆ ಅತ್ತೆಗೆ ಅವರ ಅತ್ತೆ. ಜಡ್ಡು ಜಾಪತ್ತು ಏನೂ ಇರಲಿಲ್ಲ. ದಿನಾ ಬೆಳಗಿನ ಜಾವ ಎದ್ದು ಗಟ್ಟಿಮುಟ್ಟಾಗಿಯೇ ಇತ್ತು. ಹವಾ ಬದಲಾವಣೆಗೆಂದು ಸಮುದ್ರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಒಂದು ಬೊಗಸೆ ನೀರು ಕುಡಿಯಿತು. ಅಷ್ಟೇ.

(ಹಾಡು ನೀರು ಕುಡಿಯುತ್ತದೆಯೇ ಎಂದು ಕೇಳುವವರು ಸ್ವಲ್ಪ ತಾಳಬೇಕು. ರಿಟೈರ್ ಆದವನು ಕಥೆ ಹೇಳುವಾಗ ಕೇಳುವವರಿಗೂ ಪೆನ್ಶನ್‌ದಾರರ ಪುರಸತ್ತು ಇರಬೇಕು.)

ನಾನು ರಿಟೈರ್ ಆದ ಸಂಗತಿ ಈ ಅಂಕಣ ಓದುವವರಿಗೆ ಗೊತ್ತಿದ್ದದ್ದೇ. ನಮ್ಮನ್ನೆಲ್ಲ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಕೂತಲ್ಲೇ ವರ್ಗ ಮಾಡಿದರಲ್ಲ, ಅದೇ ವರುಷ ನನ್ನನ್ನು ರೋಣದ ಕಚೇರಿಯಿಂದ ರೋಣದ ಮನೆಗೆ ವರ್ಗ ಮಾಡಿದರು. ಮಾಮಲೇದಾರರ ಕೈಕೆಳಗೆ ಅವ್ವಲ ಕಾರಕೂನನಾಗಿದ್ದವನಿಗೆ ಒಂದು ಶಾಲು, ಒಂದು ಹಾರ, ಮೂರು ಭಾಷಣ. ಭಾಷಣಗಳಲ್ಲಿ ನನ್ನ ಗುಣಗಳನ್ನು ಕೇಳಿ ನನಗೇ ಗಾಬರಿಯಾಯಿತು. ಇಂಥ ಮನುಷ್ಯನನ್ನು ಇವರು ಯಾಕೆ ಮನೆಗೆ ಕಳಿಸುತ್ತಿದ್ದಾರೆ?

ಮನೆಗೆ ಬಂದವನೇ ಅಡಿಗೆಮನೆಯ ತಪಾಸಣೆ ಕೈಗೊಂಡೆ. ಖಾರದ ಭರಣಿ ಕಿಟಕಿಯ ಪಕ್ಕ ಏಕೆ? ಉಪ್ಪಿನ ಮಡಿಕೆಗೆ ಮುಚ್ಚಳ ಎಲ್ಲಿ? ಎರಡನೆಯ ದಿನ ನನ್ನ ಹೆಂಡತಿ ಶಾಂತವ್ವ ಲಟ್ಟಣಿಗೆ ಹಿಡಿದುಕೊಂಡೇ ತೀರ್ಪು ಕೊಟ್ಟಳು.

"ಹೊರಗ ಕಟ್ಟೀಮ್ಯಾಲ ಕುಂದರ್ರಿ. ಇದು ಕಚೇರಿ ಅಲ್ಲ. ಇಲ್ಲೆ ಮಾಮಲೇದಾರ ನಾನು."

ಮೇಲಿನವರ ಹುಕುಂ. ಅಂದಿನಿಂದ ನಾನು ಕಟ್ಟೆಯ ಮೇಲೆ. ಪೇಪರು ಓದುವುದು, ಓದಿದ್ದನ್ನು ಹೋಗಿಬರುವವರಿಗೆ ಹೇಳುವುದು, ಕೇಳುವವರು ಸಿಗದಿದ್ದರೆ ತೂಕಡಿಸುವುದು. ಸರಕಾರ ಇದಕ್ಕೂ ಸಂಬಳ ಕೊಡುತ್ತದೆ ಎಂದು ಮೊದಲೇ ಗೊತ್ತಿದ್ದರೆ ಇಷ್ಟು ವರುಷ ಸುಮ್ಮನೆ ಕಚೇರಿಗೆ ಹೋಗುತ್ತಿರಲಿಲ್ಲ.

ಆದರೆ ರಿಟೈರ್ ಆದದ್ದರಿಂದ ಒಂದು ನಿಜವಾದ ಲಾಭವಾಯಿತು. ಬೆಳಗಿನ ಜಾವ ಹಾಸಿಗೆಯಲ್ಲೇ ಬಿದ್ದುಕೊಂಡು ಅಕ್ಕನ ಹಾಡು ಕೇಳಲು ಸಿಕ್ಕಿತು.

ಅಕ್ಕನ ಹೆಸರು ಬಸವ್ವ. ನನಗಿಂತ ದೊಡ್ಡವಳು. ಲಕ್ಕಲಕಟ್ಟಿಗೆ ಕೊಟ್ಟಿದ್ದೆವು. ಗಂಡ ಬೇಗ ತೀರಿಕೊಂಡ. ಅವಳು ಅತ್ತೆಯನ್ನು ಬಿಟ್ಟು ಬರಲಿಲ್ಲ. ಅತ್ತೆಯೂ ಹೋದ ಮೇಲೆ ನಮ್ಮಲ್ಲಿಗೆ ಬಂದಳು. ಬರುವಾಗ ಆ ಮನೆಯಿಂದ ತಂದದ್ದು ಎರಡೇ: ಚಕ್ಕಡಿಯಲ್ಲಿ ಒಂದು ಬೀಸುವ ಕಲ್ಲು, ಬಾಯಲ್ಲಿ ಒಂದು ಹಾಡು. ಎರಡೂ ಅತ್ತೆಯವೇ.

ಆ ಹಾಡಿನಲ್ಲಿ ಮಾತ್ರ ಅತ್ತೆ ಬಲು ಕೆಟ್ಟವಳು. ಊರ ಕೆರೆ ಒಣಗಿದೆ, ಬಾವಿ ಒಣಗಿದೆ. ಅತ್ತೆ ಸೊಸೆಯನ್ನು ಹಂಗಿಸುತ್ತಾಳೆ: ನಿನ್ನ ಕಾಲ್ಗುಣದಿಂದಲೇ ನೀರು ಹೋಯಿತು, ನೀನೇ ತಾ. ಸೊಸೆ ಕೊಡ ಹೊತ್ತು ಹೊರಡುತ್ತಾಳೆ.

ಕೆರಿ ಬತ್ತಿ ಹೋದಾವ ಬಾವಿ ಬತ್ತಿ ಹೋದಾವ
ಸಮುದರಕ ಹೋಗೇನ ಕೊಡ ಹೊತ್ತು | ನನ್ನತ್ತಿ
ಸಿಹಿನೀರ ತಂದೇನ ಸಂಜೀಕ

ದಾರಿಯಲ್ಲಿ ಬಿಸಿಲು ಮಾತಾಡಿಸುತ್ತದೆ, ಗಾಳಿ ಮಾತಾಡಿಸುತ್ತದೆ. ಕಡೆಗೆ ಸಮುದ್ರ ಬರುತ್ತದೆ. ಸಮುದ್ರವೆಂದರೆ ಅಲ್ಲಿ ಊರ ಗೌಡನಂಥ ಒಬ್ಬ ಹಿರಿಯ. ಕಟ್ಟೆಯ ಮೇಲೆ ಕೂತು ಬಂದವರ ವಿಚಾರಣೆ ಮಾಡುತ್ತಾನೆ.

ಯಾರ ಮಗಳ ನೀನಂತ ಸಮುದರಪ್ಪ ಕೇಳ್ಯಾನ
ಬಿಸಿಲೂರ ಮಗಳ ನಾನಂದ್ರ | ಕೊಡದಾಗ
ಸಿಹಿನೀರ ತುಂಬ್ಯಾನ ತುಳುಕಂಗ

ತುಂಬಿದ ಕೊಡ ಹೊತ್ತು ಸೊಸೆ ತಿರುಗಿ ಹೊರಡುತ್ತಾಳೆ. ದಣಿಯುತ್ತಾಳೆ. ಒಂದು ಕರಿಕಲ್ಲಿನ ಮೇಲೆ ಕೊಡ ಇಳಿಸಿ ಕೂಡುತ್ತಾಳೆ.

ಅಷ್ಟರಲ್ಲಿ ನಮ್ಮ ಮನೆಯ ಜೋಳ ಮುಗಿದುಹೋಗುತ್ತದೆ.

ಜೋಳ ಮುಗಿದರೆ ಹಾಡೂ ಮುಗಿಯಿತು. ಬೀಸುವ ಹೆಣ್ಣುಮಕ್ಕಳ ಕಾಯಿದೆ ಹಾಗಿದೆ. ಕೈಯಲ್ಲಿ ಗೂಟ ತಿರುಗುವವರೆಗೆ ಬಾಯಲ್ಲಿ ಹಾಡು. ಮರುದಿನ ಬಿಟ್ಟ ಜಾಗದಿಂದ ಎತ್ತಿಕೊಳ್ಳುವಂತಿಲ್ಲ, ಮತ್ತೆ ಕಲ್ಲಿಗೆ ಶರಣೆಂದು ಮೊದಲಿನಿಂದಲೇ ಶುರು. ಮೂರು ಮಂದಿಯ ಮನೆಗೆ ಎಷ್ಟು ಹಿಟ್ಟು ಬೇಕು? ಹೀಗಾಗಿ ಆ ಸೊಸೆ ದಿನಾ ಹೊರಟು, ದಿನಾ ಸಮುದ್ರ ಮುಟ್ಟಿ, ದಿನಾ ಅದೇ ಕರಿಕಲ್ಲಿನ ಮೇಲೆ ಕೂಡುತ್ತಿದ್ದಳು. ಊರು ಮುಟ್ಟಿದ್ದನ್ನು ನಾನು ಕೇಳಿದ್ದೇ ಇಲ್ಲ. ಮದುವೆ ಮುಂಜಿಗೆ ಚೀಲಗಟ್ಟಲೆ ಬೀಸುವಾಗ ಕೊನೆಯವರೆಗೆ ಹಾಡಿರಬಹುದು. ಆದರೆ ಆಗೆಲ್ಲ ನಾನು ಊರೂರು ತಿರುಗಿ ಆಮಂತ್ರಣದ ಅಕ್ಷತೆ ಕೊಡುತ್ತಿದ್ದೆ.

"ಅಕ್ಕಾ, ಮುಂದ ಏನಾಗ್ತೈತಿ? ಅತ್ತಿ ಆ ನೀರು ಕುಡೀತಾಳೋ ಇಲ್ಲೋ?" ಎಂದು ಒಮ್ಮೆ ಕೇಳಿದೆ.

"ಬೀಸಾಕ ಬಾ, ಹೇಳ್ತೀನಿ."

"ಬಾಯಿಲೆ ಹೇಳಬಾರದೇನು?"

"ಬಾಯಿಲೆ ಹೇಳಾಕ ಅದೇನ ಕಚೇರಿ ಖಟ್ಲೆ ಏನೋ ತಮ್ಮಾ? ಹಾಡದಿದ್ರ ನೆನಪಿಗೇ ಬರೂದಿಲ್ಲ ಅದು. ಕೈ ತಿರುಗಬೇಕು."

ಇದನ್ನು ನರಗುಂದದ ಗುರುಪಾದಪ್ಪ ಮಾಸ್ತರರ ಮುಂದೆ ಹೇಳಿಕೊಂಡೆ. ಅವರೂ ರಿಟೈರ್ ಆದವರೇ. ಬೀಗರ ಮನೆಗೆಂದು ರೋಣಕ್ಕೆ ಬಂದಾಗಲೆಲ್ಲ ನಮ್ಮ ಕಟ್ಟೆಗೆ ಹಾಜರಿ ಹಾಕುತ್ತಾರೆ. ಅವರ ಮನೆಯಲ್ಲಿ ಗ್ರಾಮಾಫೋನು ಇದೆ. ಆ ಜಂಬ ಬೇರೆ.

"ನಮ್ಮ ಪೆಟ್ಟಿಗಿ ನೋಡ್ರಿ ಕಾರಕೂನರ. ಕೀಲಿ ಕೊಟ್ರ ಸಾಕು, ಕೊನೀತನಕ ಹಾಡಿ ತಾನ ನಿಂದರತೈತಿ. ಜೋಳ ಕೇಳೂದಿಲ್ಲ."

"ಹಿಟ್ಟೂ ಕೊಡೂದಿಲ್ಲ," ಎಂದು ಒಳಗಿನಿಂದ ಅಕ್ಕನ ದನಿ.

ಮಾಸ್ತರರು ಚಹದ ಬಟ್ಟಲಿಗೆ ಮುಖ ಬಗ್ಗಿಸಿದರು.

ಸಮುದ್ರದ ಹುಳ ನನ್ನ ತಲೆಗೆ ಬಿಟ್ಟವರೂ ಈ ಮಾಸ್ತರರೇ. ಹಿಂದಿನ ವರುಷ ಎದೆನೋವಿಗೆಂದು ಕರಾವಳಿಗೆ ಹೋಗಿ ಬಂದಿದ್ದರು. ಎದೆನೋವು ಹೋಯಿತೋ ಇಲ್ಲವೋ, ಸಮುದ್ರದ ವರ್ಣನೆ ಮಾತ್ರ ಹೋಗಿರಲಿಲ್ಲ. ರಿಟೈರ್ ಆದವರು ಒಮ್ಮೆ ಸಮುದ್ರದ ಹವಾ ತಗೋಬೇಕು ಎಂಬುದು ಅವರ ಸಿದ್ಧಾಂತ. ಕೇಳಿ ಕೇಳಿ ನನಗೂ ಒಂದು ವಿಚಾರ ಹೊಳೆಯಿತು. ಇಷ್ಟು ವರುಷ ಸಮುದ್ರದ ಹಾಡು ಹೇಳಿದ ಅಕ್ಕ ಸಮುದ್ರವನ್ನೇ ನೋಡಿಲ್ಲ. ತೋರಿಸಿದರೆ?

ಪ್ಲ್ಯಾನು ಹೀಗಿತ್ತು. ಅಂಕೋಲೆಯಲ್ಲಿ ನನ್ನ ಹಳೆಯ ಸಹೋದ್ಯೋಗಿ ನಾಯಕರಿದ್ದಾರೆ. ಅವರ ಮನೆಯಲ್ಲಿ ಇಳಿದುಕೊಳ್ಳುವುದು. ಅಕ್ಕನಿಗೆ ಸಮುದ್ರ ತೋರಿಸುವುದು. ತಿರುಗಿ ಬಂದ ಮೇಲೆ ಬೆಳವಣಕಿಯ ನಮ್ಮ ಸೋದರಮಾವನ ಮಗನಿಂದ ಒಂದು ಚೀಲ ಜೋಳ ತರಿಸುವುದು. ಸಮುದ್ರ ನೋಡಿದ ಉಮೇದಿನಲ್ಲಿ ಅಕ್ಕ ಚೀಲ ಪೂರ್ತಿ ಬೀಸುತ್ತಾಳೆ. ಶಾಂತವ್ವ ಎದುರು ಕೂತು ಗೂಟಕ್ಕೆ ಕೈ ಹಚ್ಚುತ್ತಾಳೆ. ನಾನು ಹಾಸಿಗೆಯಲ್ಲಿ ಬಿದ್ದುಕೊಂಡು ಹಾಡಿನ ಕೊನೆ ಕೇಳುತ್ತೇನೆ. ಎಷ್ಟು ಸರಳ! ಸರಕಾರದ ಯೋಜನೆಗಳೂ ಕಾಗದದ ಮೇಲೆ ಹೀಗೇ ಇರುತ್ತವೆ.

ಅಕ್ಕನಿಗೆ ಹೇಳಿದಾಗ ಬೀಸುವ ಕಲ್ಲು ನಿಂತಿತು.

"ಖರೇನೇನೋ ತಮ್ಮಾ?"

"ಖರೇನ."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು: "ಅತ್ತಿ ಸಾಯೂ ಮುಂದ ಒಂದ ಮಾತು ಅಂದಿದ್ಲು. ನಾ ಅಂತೂ ಹೊಂಟೆ, ನೀ ಯಾವಾಗರ ಸಮುದ್ರಕ್ಕ ಹೋದ್ರ ನನ್ನ ಹೆಸರಿಲೆ ಒಂದ ಬೊಗಸಿ ಕುಡಿ ಅಂತ. ನಕ್ಕೋತ ಅಂದಿದ್ಲು. ನಾನೂ ನಕ್ಕಿದ್ದೆ."

ಇಲ್ಲಿ ನಾನು ನನ್ನ ಕರ್ತವ್ಯ ಮಾಡಿದೆನೆಂದು ದಾಖಲಿಸಬೇಕು. ಎಚ್ಚರಿಕೆ ಕೊಟ್ಟೆ.

"ಅಕ್ಕಾ, ಸಮುದ್ರದ ನೀರು ಉಪ್ಪು. ಕುಡಿಯಾಕ ಬರೂದಿಲ್ಲ. ನಾವು ತಿನ್ನೂ ಉಪ್ಪು ಅಲ್ಲಿಂದನ ಬರ್ತೈತಿ."

"ಗೊತ್ತೈತಿ ಬಿಡು. ಬೆಲ್ಲ ಬೆಳಗಾವಿ ಕಡಿಂದ ಬರ್ತೈತಿ. ಬೆಳಗಾವಿ ನೆಕ್ಕಿದ್ರ ಸಿಹಿ ಹತ್ತತೈತೇನು?"

ಕಾರಕೂನಕಿಯ ಅಷ್ಟು ವರುಷಗಳಲ್ಲಿ ಎಷ್ಟೋ ವಕೀಲರ ಬಾಯಿಗೆ ಎದುರುತ್ತರ ಕೊಟ್ಟವನು ನಾನು. ಇದಕ್ಕೆ ಉತ್ತರ ನಿಮ್ಮಲ್ಲಿದೆಯೇ?

ತಯಾರಿ ಶುರುವಾಯಿತು. ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದು. ಸಮುದ್ರಕ್ಕಿಂತ ಹಿರಿಯರು ಯಾರು? ನಮ್ಮ ಊರ ಕೆರೆ ತುಂಬಿದಾಗ ಮುತ್ತೈದೆಯರು ಹೋಗಿ ಉಡಿ ತುಂಬುತ್ತಾರೆ. ತುಂಬಿದ್ದು ಯಾವಾಗ ಎಂದು ಕೇಳಬೇಡಿ, ತುಂಬಿದಾಗ. ಒಂದು ಕೆರೆಗೇ ಅಷ್ಟಾದರೆ ಸಮುದ್ರಕ್ಕೆ ಎಷ್ಟಾಗಬೇಕು? ಗಜೇಂದ್ರಗಡಕ್ಕೆ ನನ್ನನ್ನು ಓಡಿಸಿದರು. ಮಗ್ಗದ ಮನೆಯಿಂದ ಹಸಿರು ಸೀರೆ. "ಅಗಲ ಅಂಚಿಂದು ಇರಲಿ, ದೊಡ್ಡ ಮನಿ," ಎಂದು ಅಕ್ಕನ ಅಪ್ಪಣೆ. ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕೂತಿದ್ದಾಗ ಪರಿಚಯದ ನೇಕಾರರೊಬ್ಬರು ಕೇಳಿದರು.

"ಯಾರಿಗ್ರಿ ಸೀರಿ? ಮಗಳಿಗೇನು?"

"ಸಮುದ್ರಕ್ಕ್ರಿ."

ಅವರು ಸ್ವಲ್ಪ ಸರಿದು ಕೂತರು. ರಿಟೈರ್ ಆದವರಿಗೆ ಹೀಗಾಗುವುದು ಉಂಟು ಎಂಬಂತೆ ನೋಡಿದರು.

ಇನ್ನು ಕೌದಿಗಳ ಪ್ರಕರಣ. ನಮ್ಮ ಕಡೆ ಹೊದೆಯುವ ಕೌದಿ ತೊಳೆಯುವುದೆಂದರೆ ಸಣ್ಣ ಮಾತಲ್ಲ. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದದ್ದು. ನೆನೆದರೆ ಎಮ್ಮೆಯ ಭಾರ. ಮನೆಯ ಹಿತ್ತಲ ಬಾವಿ ಸವಳು, ಕೆರೆಯ ಸಿಹಿನೀರು ಕುಡಿಯಲಿಕ್ಕೇ ಸಾಲದು. ವರುಷಕ್ಕೊಮ್ಮೆ ಹಳ್ಳ ಬಂದಾಗ ತೊಳೆದರೆ ಭಾಗ್ಯ. ಹೊರಡುವ ಹಿಂದಿನ ದಿನ ನಡುಮನೆಯಲ್ಲಿ ಕೌದಿಗಳ ಒಂದು ಗುಡ್ಡ ಕಂಡೆ.

"ಇವು ಯಾಕ?"

"ಅಲ್ಲೆ ಅಷ್ಟ ನೀರು ಇರತಾವಂತ," ಎಂದಳು ಶಾಂತವ್ವ. "ಸುಮ್ಮನ ಹೋಗಿ ಬರೂದೇನು? ನಾಲ್ಕ ಕೌದಿ ತೊಳಕೊಂಡ ಬರೂಣು."

ನಾನು ನಗಬಹುದಿತ್ತು. ನಗಲಿಲ್ಲ. ಯಾಕೆಂದರೆ ನನಗೂ ಅದು ಬಲು ಸರಿ ಅನಿಸಿತ್ತು! ಅಷ್ಟು ನೀರನ್ನು ಬರಿ ನೋಡಿ ಬರುವುದು ನಮ್ಮ ಸೀಮೆಯ ಮನುಷ್ಯನಿಗೆ ಹೇಗೆ ಸಾಧ್ಯ?

ರೋಣದಿಂದ ಗದಗು, ಗದಗಿನಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಅಂಕೋಲೆಯ ಬಸ್ಸು. ಕೌದಿಯ ಗಂಟು ಬಸ್ಸಿನ ನೆತ್ತಿಯ ಮೇಲೆ. ಹಿತ್ತಾಳೆಯ ಕೊಡ ಅಕ್ಕನ ತೊಡೆಯ ಮೇಲೆ. ಕಂಡಕ್ಟರ್ ಅದನ್ನೂ ಮೇಲಿಡಿ ಎಂದ. ಅಕ್ಕ ಕೇಳಲಿಲ್ಲ. ಅರಬೈಲ ಘಟ್ಟದ ತಿರುವುಗಳಲ್ಲಿ ಶಾಂತವ್ವ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದಳು. ಅಕ್ಕ ಮಾತ್ರ ಕಿಟಕಿಯ ಆಚೆ ಏನನ್ನೋ ಹುಡುಕುತ್ತಿದ್ದಳು. ಒಂದು ಕಡೆ ರಸ್ತೆಯ ಬದಿಗೆ ದೊಡ್ಡದೊಂದು ಕರಿಬಂಡೆ.

"ತಮ್ಮಾ, ಇದ ನೋಡು."

"ಏನು?"

"ಆಕಿ ಕೊಡ ಇಳಿಸಿದ ಕಲ್ಲು."

ಎಂಥ ಖಾತ್ರಿ! ನಾನೂ ತಿರುಗಿ ನೋಡಿದೆ. ಬಂಡೆಯ ನೆತ್ತಿ ಒಂದು ಕೊಡ ಇಡುವಷ್ಟು ಸಪಾಟಾಗಿಯೇ ಇತ್ತು.

ಮರುದಿನ ಬೆಳಗ್ಗೆ ಸಮುದ್ರದಂಡೆಗೆ ಹೋದೆವು. ನಾಯಕರು, ಅವರ ಮನೆಯವರು, ನಾವು ಮೂವರು, ನಾಲ್ಕು ಕೌದಿ, ಒಂದು ಕೊಡ, ಒಂದು ಹಸಿರು ಸೀರೆ. ಮೀನು ಹಿಡಿಯುವವರು ದೋಣಿ ಎಳೆಯುವುದನ್ನು ಬಿಟ್ಟು ನಮ್ಮನ್ನು ನೋಡತೊಡಗಿದರು.

ಸಮುದ್ರದ ವರ್ಣನೆಯನ್ನು ನನ್ನಿಂದ ನಿರೀಕ್ಷಿಸಬೇಡಿ. ಮಾಸ್ತರರಿಗೆ ಬರೆಯಿರಿ, ಅವರು ಸಂತೋಷದಿಂದ ಕಳಿಸುತ್ತಾರೆ. ನಾನು ಕಂಡದ್ದು ಅಕ್ಕನನ್ನು. ತೆಂಗಿನ ಗಿಡಗಳನ್ನು ದಾಟಿ ಮರಳಿಗೆ ಕಾಲಿಟ್ಟವಳು ಹಾಗೇ ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹಿರಿಯರ ಎದುರು ಎಳೆದುಕೊಳ್ಳುವಂತೆ.

"ಅಬ್ಬಾ, ಎಷ್ಟ ನೀರೋ ಯಪ್ಪಾ," ಎಂದಳು. ಆಮೇಲೆ ಮೆತ್ತಗೆ, "ಮುಚ್ಚೋರಿಲ್ಲ, ಕಾಯೋರಿಲ್ಲ."

ಉಡಿ ತುಂಬುವ ಕೆಲಸ ಶಾಂತವ್ವನಿಗೆ ಬಂತು. ಅಕ್ಕ ಮುತ್ತೈದೆಯಲ್ಲ. ಸೀರೆ ಹೇಳಿ ತರಿಸಿದವಳು ಅವಳು, ಅಕ್ಕಿ ಕಾಯಿ ಕಟ್ಟಿದವಳು ಅವಳು. ಆದರೂ ತುಂಬುವ ಹೊತ್ತಿಗೆ ತಾನೇ ದೂರ ಸರಿದು ನಿಂತಳು. "ನೀ ತುಂಬು ಶಾಂತಾ, ನಾ ನೋಡತೇನಿ." ಅಲೆ ಬಂತು, ಗಜೇಂದ್ರಗಡದ ಹಸಿರು ಸೀರೆಯನ್ನು ಎರಡು ಸಲ ಮಗುಚಿ ನೋಡಿ, ಅಂಚು ಪಸಂದಾಯಿತೆನ್ನುವಂತೆ ಒಳಗೆ ತೆಗೆದುಕೊಂಡಿತು. ಅಕ್ಕನ ಮುಖ ಅರಳಿತು.

ಅಷ್ಟಕ್ಕೇ ಮನೆಗೆ ಕರೆದುಕೊಂಡು ಬಂದಿದ್ದರೆ!

ಅಕ್ಕ ಕೊಡ ಎತ್ತಿಕೊಂಡು ನೀರಿಗಿಳಿದಳು. ಮೊಣಕಾಲವರೆಗೆ ಹೋಗಿ ಕೊಡ ಮುಳುಗಿಸಿದಳು. ತುಳುಕುವಂತೆ ತುಂಬಿತು, ಹಾಡಿನಲ್ಲಿದ್ದ ಹಾಗೆಯೇ. ಕೊಡವನ್ನು ಸೊಂಟಕ್ಕಿಟ್ಟುಕೊಂಡು ದಂಡೆಗೆ ಬಂದಳು. ಮರಳಲ್ಲಿ ಇಳಿಸಿದಳು. ಪೂರ್ವಕ್ಕೆ, ಅಂದರೆ ನಮ್ಮ ಊರ ದಿಕ್ಕಿಗೆ ಮುಖ ಮಾಡಿ ಬೊಗಸೆಯಲ್ಲಿ ನೀರು ತೆಗೆದುಕೊಂಡಳು. "ಅತ್ತಿ," ಎಂದದ್ದು ಕೇಳಿಸಿತು. ಒಂದೇ ಗುಟುಕಿಗೆ ಕುಡಿದಳು.

ಕೆಮ್ಮಲಿಲ್ಲ, ಉಗುಳಲಿಲ್ಲ. ಕಷ್ಟಪಟ್ಟು ನುಂಗಿದಳು. ಅತ್ತೆಯ ಹೆಸರಿನ ನೀರನ್ನು ಉಗುಳುವುದುಂಟೇ?

ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನಮ್ಮ ಹಿತ್ತಲ ಬಾವಿಗಿಂತಾ ಸವಳೋ ತಮ್ಮಾ."

ನಾಯಕರು ಒಳ್ಳೆಯವರು. ಸಮಾಧಾನ ಹೇಳಲು ಬಂದರು. "ಸಮುದ್ರ ಕುಡಿಯೋದಕ್ಕಲ್ಲ ಅಕ್ಕ. ನೋಡೋದಕ್ಕೆ."

"ನೋಡೂದಕ್ಕ ಇಷ್ಟ ನೀರು ಯಾಕ ಬೇಕ್ರಿ?"

ನಾಯಕರು ಹುಟ್ಟಿದಂದಿನಿಂದ ಸಮುದ್ರದ ಪಕ್ಕ ಇರುವವರು. ಈ ಪ್ರಶ್ನೆ ಅವರಿಗೆ ಯಾರೂ ಹಾಕಿರಲಿಲ್ಲವೆಂದು ಕಾಣುತ್ತದೆ. ಸಮುದ್ರದ ಕಡೆ ತಿರುಗಿ, ಅದು ಏನಾದರೂ ಉತ್ತರ ಕೊಟ್ಟೀತೆಂಬಂತೆ ನಿಂತುಬಿಟ್ಟರು.

ಅಷ್ಟರಲ್ಲಿ ಶಾಂತವ್ವ ಒಂದು ಕೌದಿಯನ್ನು ಮುಳುಗಿಸಿ ಆಗಿತ್ತು. ನಾಯಕರ ಮನೆಯವರು ಓಡಿ ಬಂದರು. "ಅಯ್ಯೋ, ಉಪ್ಪುನೀರಲ್ಲಿ ತೊಳೆದ್ರೆ ಅದು ಒಣಗ್ತದಾ? ತೆಗೀರಿ, ತೆಗೀರಿ!" ಎಲ್ಲರೂ ಸೇರಿ ಎಳೆದೆವು. ದೋಣಿಯವರೂ ಕೈ ಹಚ್ಚಿದರು. ನಮ್ಮ ಅವ್ವನ ಸೀರೆಗಳಿಂದ ಹೊಲಿದ ಆ ಕೌದಿ ದಂಡೆಗೆ ಬಂದಾಗ ಅದರಲ್ಲಿ ಎರಡು ಏಡಿ ಇದ್ದವು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಗುತ್ತಲೇ ಕೊಡವನ್ನು ಬಗ್ಗಿಸಿ ನೀರನ್ನು ಸಮುದ್ರಕ್ಕೆ ಚೆಲ್ಲಿದಳು. ಜೀವಮಾನದಲ್ಲಿ ಅವಳು ಒಂದು ತುಂಬಿದ ಕೊಡ ಚೆಲ್ಲಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾಯಕರ ಮನೆಯಲ್ಲಿ ಉಪಚಾರಕ್ಕೆ ಕೊರತೆಯಿರಲಿಲ್ಲ. ನಾವು ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ ಮಾತ್ರ ಅಲ್ಲಿಯ ಹವೆಗೆ ಮೆತ್ತಗಾಗಿ, ಒದ್ದೆ ಕಾಗದದ ಹಾಗೆ ಜೋತುಬಿತ್ತು. ಅಕ್ಕನೂ ಹಾಗೇ ಇದ್ದಳು. ಮತ್ತೆ ದಂಡೆಗೆ ಕರೆದರೆ, "ನೋಡೇನಲ್ಲ," ಎಂದಳು. ಹೊರಡುವ ದಿನ ಘಟ್ಟದ ಅದೇ ತಿರುವು ಬಂತು. ಕರಿಬಂಡೆ ಬಂತು. ನಾನು ತೋರಿಸಿದೆ. ಅಕ್ಕ ಕಿಟಕಿಯ ಕಡೆ ತಿರುಗಲಿಲ್ಲ. ಖಾಲಿ ಕೊಡ ಅವಳ ತೊಡೆಯ ಮೇಲಿತ್ತು.

ರೋಣಕ್ಕೆ ಬಂದ ಮರುದಿನ ಬೆಳಗಿನ ಜಾವ ಎಚ್ಚರವಾಯಿತು. ಕಲ್ಲು ತಿರುಗುತ್ತಿತ್ತು. ಗರ್‍, ಗರ್‍. ಕಾದೆ. ಹಾಡು ಬರಲಿಲ್ಲ. ಪ್ರಯಾಣದ ದಣಿವಿರಬಹುದು ಎಂದುಕೊಂಡೆ. ಮಾರನೆಯ ದಿನವೂ ಬರಲಿಲ್ಲ. ಅದರ ಮಾರನೆಯ ದಿನ ಎದ್ದು ಹೋಗಿ ಬಾಗಿಲಲ್ಲಿ ನಿಂತೆ.

"ಅಕ್ಕಾ, ಹಾಡು ಎಲ್ಲಿ?"

"ಬರವಲ್ದೋ."

"ಬ್ಯಾರೆ ಯಾವುದರ ಹಾಡಬಾರದೇನು?"

"ಈ ಕಲ್ಲಿಗಿ ಅದ ಹಾಡು ರೂಢಿ. ಬ್ಯಾರೆ ಹಾಡಿದ್ರ ಕೈ ತಪ್ಪತೈತಿ."

ನಾನು ಹಳೆಯ ಸರಕಾರಿ ನೌಕರ. ಯಾವ ಕಾಗದಕ್ಕೂ ಒಂದು ದುರಸ್ತಿ ಇದ್ದೇ ಇರುತ್ತದೆ ಎಂದು ನಂಬಿದವನು. "ಸಿಹಿನೀರು ಅನ್ನೂದ ಬಿಟ್ಟು ಬರೇ ನೀರು ಅನ್ನು," ಎಂದು ಸೂಚಿಸಿದೆ. ಅಕ್ಕ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಪುರಾಣದ ಆಧಾರ ಹಿಡಿದೆ. ಸಮುದ್ರಗಳು ಏಳು, ಅವುಗಳಲ್ಲಿ ಒಂದು ಸಿಹಿನೀರಿನದು, ನಾವು ನೋಡಿದ್ದು ಉಪ್ಪಿನದಾದರೆ ಹಾಡಿನದೇನು ತಪ್ಪು?

"ಆ ಸಿಹಿನೀರಿಂದಕ್ಕೂ ಬಸ್ ಐತೇನು?" ಎಂದಳು ಅಕ್ಕ.

ಪ್ರಶ್ನೆ ನ್ಯಾಯವಾದದ್ದೇ. ಬಸ್ ಇಲ್ಲದ ಕಾಲದಲ್ಲಿ ಎಲ್ಲ ಸಮುದ್ರಗಳೂ ಸಿಹಿಯಾಗಿದ್ದವು. ನಾನೇ ಒಂದಕ್ಕೆ ಟಿಕೆಟ್ಟು ತೆಗೆಸಿದೆ.

ನಡುವೆ ಕೌದಿಯ ಸಂಗತಿ ಹೇಳಬೇಕು. ಸಮುದ್ರದಲ್ಲಿ ಮುಳುಗಿದ ಆ ಕೌದಿ ಇಂದಿಗೂ ಪೂರ್ತಿ ಒಣಗಿಲ್ಲ. ನಮ್ಮ ರೋಣದ ಬಿಸಿಲಿಗೂ ಅದು ಬಗ್ಗಲಿಲ್ಲ. ಮೋಡ ಕವಿದರೆ ಸಾಕು, ಮೆತ್ತಗಾಗಿ ಅಂಕೋಲೆಯ ವಾಸನೆ ಬಿಡುತ್ತದೆ. ಉಪ್ಪು ಬಿಡಿಸಲು ಕೆರೆಯ ಸಿಹಿನೀರು ಕೊಡಗಟ್ಟಲೆ ಸುರಿದಾಯಿತು. ನೀರು ಉಳಿಸಲು ಹೋಗಿ ಊರಿನವರ ಬೈಗುಳ ತಿಂದದ್ದು ಲಾಭ.

"ನೀವು ಯಾರಿಗರ ಚಲೋದು ಮಾಡಾಕ ಹೊಂಟ್ರ ಅವರಿಗೆ ಮೊದಲ ಸುದ್ದಿ ಕೊಡ್ರಿ," ಎಂದಳು ಶಾಂತವ್ವ. "ತಪ್ಪಿಸಿಕೊಳ್ಳಾಕ ಬರ್ತೈತಿ."

ಹೋದ ವಾರ ಬೆಳವಣಕಿಯ ಚಕ್ಕಡಿ ಬಂತು. ನಾನು ಮರೆತೇಬಿಟ್ಟಿದ್ದೆ. ಹಾಡಿನ ಕೊನೆ ಕೇಳಲೆಂದು ಹೇಳಿಟ್ಟಿದ್ದ ಜೋಳ. ಚೀಲವನ್ನು ನಡುಮನೆಯಲ್ಲಿ ಇಳಿಸಿದರು. ಬಿಳಿ ಮುತ್ತಿನಂಥ ಕಾಳು. ಅಕ್ಕ ಒಂದು ಹಿಡಿ ತೆಗೆದು ನೋಡಿ, "ಚಲೋ ಜೋಳ," ಎಂದಳು. ನನಗೆ ಆಸೆ ಚಿಗುರಿತು. ಕಾಳು ನೋಡಿದರೆ ಕೈ ತುರಿಸದೇ?

ಊರಲ್ಲಿ ಹಿಟ್ಟಿನ ಗಿರಣಿ ಬಂದು ದಿನಗಳಾದವು. ಶಾಂತವ್ವ ಎಷ್ಟೋ ಸಲ ಆ ಮಾತು ಎತ್ತಿದ್ದಾಳೆ. ಅಕ್ಕ ಪ್ರತಿ ಸಲ ಹೊಡೆದು ಹಾಕಿದ್ದಾಳೆ. ಗಿರಣಿ ಹಿಟ್ಟು ಸುಟ್ಟ ವಾಸನೆ, ರೊಟ್ಟಿ ಹರಿಯುತ್ತದೆ, ಇಂಜಿನ್ನಿಗೆ ಹಾಡು ಬರುತ್ತದೇನು, ಹೀಗೆ. ಆ ವಾದವೇ ಈ ಮನೆಯ ಅಡಿಗಲ್ಲು ಎಂದು ನಾನು ತಿಳಿದಿದ್ದೆ.

ಅಕ್ಕ ಹಿಡಿಯಲ್ಲಿದ್ದ ಕಾಳನ್ನು ಚೀಲಕ್ಕೆ ಹಾಕಿ ಕೈ ಕೊಡವಿದಳು.

"ತಮ್ಮಾ, ಇದನ್ನ ಗಿರಣಿಗೆ ಕಳಿಸಿಬಿಡು."

ಶಾಂತವ್ವ ಗೆದ್ದಿದ್ದಳು. ಗೆದ್ದವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಒಳಗೆ ಹೋದಳು. "ಅಕ್ಕಾರ, ನಾ ಕೂಡತೇನ್ರಿ ನಿಮ್ಮ ಕೂಡ ಬೀಸಾಕ," ಎಂದು ಅಲ್ಲಿಂದಲೇ ಕೂಗಿದಳು. ಅಕ್ಕ ಬೇಡವೆಂದು ತಲೆ ಅಲ್ಲಾಡಿಸಿದಳು.

ಸ್ವಲ್ಪ ಸ್ವಲ್ಪವಾಗಿ ಒಯ್ಯುತ್ತಿದ್ದೇನೆ. ಪೆನ್ಶನ್‌ದಾರನಿಗೆ ಹೊಸ ಡ್ಯೂಟಿ. ಗಿರಣಿಯ ಮುಂದೆ ಸಾಲಿನಲ್ಲಿ ನಿಲ್ಲುವುದು. ಇಂಜಿನ್ನು ಒಂದೇ ಸಮನೆ ಕುಟ್ಟುತ್ತದೆ. ಪಟ್ಟಾ ಹೊಡೆದುಕೊಳ್ಳುತ್ತದೆ. ಕಣ್ಣುರೆಪ್ಪೆಯ ಮೇಲೆ ಹಿಟ್ಟು ಕೂಡುತ್ತದೆ. ನಮ್ಮ ಪಾಳಿ ಬಂದು ಅಕ್ಕನ ಒಂದು ಮುಂಜಾನೆಯ ಜೋಳ ಮೇಲಿನಿಂದ ಬಿತ್ತೆಂದರೆ, ಹಾಡಿನಲ್ಲಿ ಅತ್ತೆ ಹಂಗಿಸುವಷ್ಟು ಹೊತ್ತೂ ಹಿಡಿಯುವುದಿಲ್ಲ, ಕೆಳಗೆ ಹಿಟ್ಟು. ಬಿಸಿಲು ಮಾತಾಡಿಸುವುದಿಲ್ಲ, ಗಾಳಿ ಮಾತಾಡಿಸುವುದಿಲ್ಲ. ಬೀಸುವ ಕಲ್ಲಿನ ಮೇಲೆ ಈಗ ನೀರಿನ ಕೊಡ ಇಡುತ್ತಾರೆ.

ಮಾಸ್ತರರು ಮೊನ್ನೆ ಬಂದಿದ್ದರು. ಹಾಡಿನ ಕೊನೆ ಕೇಳಲು ನಾನೇ ಕರೆದಿದ್ದೆ, ಪ್ಲ್ಯಾನು ಮಾಡುವಾಗ. ವಿಷಯ ತಿಳಿದ ಮೇಲೆ ಗ್ರಾಮಾಫೋನಿನ ಮಾತು ತೆಗೆಯಲಿಲ್ಲ. ಸಮುದ್ರದ್ದಂತೂ ಇಲ್ಲವೇ ಇಲ್ಲ. ಹೋಗುವಾಗ, "ಒಂದ ಸಲ ಕೇಳಿ ನೋಡ್ರಿ ಕಾರಕೂನರ. ಬಾಯಿಲೆ ಅರ ಹೇಳ್ಯಾರು," ಎಂದು ಮೆಲ್ಲಗೆ ಅಂದರು.

ಕೇಳಿದೆ. ಆ ಸಂಜೆಯೇ. ಅಕ್ಕ ಕಟ್ಟೆಯ ಮೇಲೆ ನನ್ನ ಪಕ್ಕ ಕೂತಿದ್ದಳು. ಬೆಳಗ್ಗೆ ಬೀಸುವ ಕೆಲಸವಿಲ್ಲದವಳಿಗೆ ಸಂಜೆ ದಣಿವೂ ಇಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಅವಳನ್ನೂ ರಿಟೈರ್ ಮಾಡಿದೆವಲ್ಲ ಎಂದು ಆಗ ಹೊಳೆಯಿತು. ಶಾಲಿಲ್ಲ, ಹಾರವಿಲ್ಲ, ಭಾಷಣವಿಲ್ಲ.

"ಅಕ್ಕಾ, ಹಾಡಬ್ಯಾಡ. ಬರೇ ಹೇಳು. ಆ ಸೊಸಿ ಕರಿಕಲ್ಲ ಮ್ಯಾಲಿಂದ ಎದ್ದು ಮನೀಗಿ ಹೋದ್ಲಲ್ಲ, ಮುಂದ ಏನಾತು?"

ಅಕ್ಕ ರಸ್ತೆಯ ಕಡೆ ನೋಡಿದಳು.

"ಏನಾಗ್ತೈತೋ ತಮ್ಮಾ? ಉಪ್ಪುನೀರು ಹೊತ್ಕೊಂಡ ಬಂದ ಸೊಸೀಗಿ ಅತ್ತಿಮನ್ಯಾಗ ಏನ ಆಗ್ತೈತೋ ಅದ ಆಗಿರ್ತೈತಿ."

ಹಾಗಾದರೆ ಅವಳು ಆ ಕಲ್ಲಿನ ಮೇಲೆಯೇ ಕೂತಿರಲಿ ಎಂದು ಪ್ರಾರ್ಥಿಸುತ್ತೇನೆ. ಘಟ್ಟದ ಬಸ್ಸಿನಲ್ಲಿ ಹೋಗುವವರೇ, ಕಂಡರೆ ದಯವಿಟ್ಟು ಮಾತಾಡಿಸಿ, ಆದರೆ ಅವಳ ಕೊಡದ ನೀರನ್ನು ಮಾತ್ರ ಯಾರೂ ರುಚಿ ನೋಡಬೇಡಿ.